ಶುಂಠಿ ಬಾಡಿದರೆ ಮೊದಲು ಒಂದು ಲೋಟ ನೀರು: ದುಂಡಾಣು ಸೊರಗು ರೋಗವನ್ನು ಗುರುತಿಸಿ ತಡೆಯುವುದು ಹೇಗೆ

ಶುಂಠಿ ಬಾಡಿತು ಅಂದ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ಅಡುಗೆಮನೆಯಿಂದ ಒಂದು ಗಾಜಿನ ಲೋಟ ತನ್ನಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಮೂರನೇ ಹೆಜ್ಜೆಯನ್ನಾದರೂ ಓದಿ, ಉಳಿದದ್ದು ಮಳೆ ಬಿಟ್ಟಾಗ ಓದಿದರೂ ಆಯ್ತು.

ಶನಿವಾರಸಂತೆ, ಸೋಮವಾರಪೇಟೆ, ಕುಶಾಲನಗರದ ಕಡೆ ಇರಲಿ, ಪೊನ್ನಂಪೇಟೆ, ಗೋಣಿಕೊಪ್ಪದ ಕಡೆ ಇರಲಿ, ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿದುಕೊಂಡಿತು ಅಂದರೆ ಕೊಡಗಿನ ಶುಂಠಿ ಬೆಳೆಗಾರರಿಗೆ ನಿದ್ದೆ ಬರುವುದಿಲ್ಲ. ನಿನ್ನೆ ಹಸಿರಾಗಿದ್ದ ಮಡಿಯಲ್ಲಿ ಇವತ್ತು ನಾಲ್ಕು ಬುಡ ಜೋತುಬಿದ್ದಿರುತ್ತವೆ. ಎಲ್ಲರೂ ಅದಕ್ಕೆ 'ಕೊಳೆ' ಅಂತಾರೆ. ಆದರೆ ಈ ಕೊಳೆಯಲ್ಲಿ ಮುಖ್ಯವಾಗಿ ಎರಡು ಬಗೆ ಇದೆ. ಒಂದು ಪಿಥಿಯಂ ಅನ್ನುವ, ಶಿಲೀಂಧ್ರದ ಹಾಗೆ ಬೆಳೆಯುವ ಜೀವಿಯಿಂದ ಬರುವ ಗೆಡ್ಡೆ ಕೊಳೆ. ಇನ್ನೊಂದು ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಸೊರಗು ರೋಗ. ಮೊದಲನೆಯದಕ್ಕೆ ಮೆಟಲಾಕ್ಸಿಲ್ ಇರುವ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿದರೆ ಸ್ವಲ್ಪ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಅದನ್ನೇ ಡ್ರಮ್ಮುಗಟ್ಟಲೆ ಸುರಿದರೂ ಏನೂ ಆಗುವುದಿಲ್ಲ. ದುಡ್ಡು ಹೋಗುವುದು ಒಂದು ಕಡೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಔಷಧಿ ಹಾಕಲು ಮಡಿಯಿಂದ ಮಡಿಗೆ ಓಡಾಡುವ ಕಾಲುಗಳೇ ರೋಗವನ್ನು ಗದ್ದೆ ತುಂಬ ಹೊತ್ತುಕೊಂಡು ಹೋಗುತ್ತವೆ. ಅದಕ್ಕೇ ನಾನು ಹೇಳುವುದು, ಗುರುತಿಸದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಹೆಜ್ಜೆ 1: ಈ ಬ್ಯಾಕ್ಟೀರಿಯಾ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇದೇನು ಪಾಠ ಅಂತ ಹಾರಿಸಿಬಿಡಬೇಡಿ. ಮುಂದೆ ಮಾಡುವ ಪ್ರತಿ ಕೆಲಸಕ್ಕೂ ಕಾರಣ ಇಲ್ಲೇ ಇದೆ.

ಗಿಡಗಳಿಗೆ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಅನ್ನುವುದನ್ನೇ ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಒಪ್ಪಿರಲಿಲ್ಲ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಎರ್ವಿನ್ ಸ್ಮಿತ್ 1896ರಲ್ಲಿ ಟೊಮೆಟೊ, ಬದನೆ, ಆಲೂಗಡ್ಡೆ ಗಿಡಗಳನ್ನು ಬಾಡಿಸುವ ಒಂದು ಬ್ಯಾಕ್ಟೀರಿಯಾವನ್ನು ವಿವರಿಸಿದರು. ಜರ್ಮನಿಯ ಆಲ್ಫ್ರೆಡ್ ಫಿಶರ್ ಇದನ್ನು ಒಪ್ಪಲಿಲ್ಲ. ಗಿಡ ಬೇರೆ ಕಾರಣಕ್ಕೆ ಸತ್ತ ಮೇಲೆ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ ಅಷ್ಟೇ ಅನ್ನುವ ಕಡೆ ಅವರಿದ್ದರು. ಇಬ್ಬರ ನಡುವೆ ಪತ್ರಿಕೆಗಳಲ್ಲಿ ಜೋರು ವಾದ ನಡೆಯಿತು. ಸ್ಮಿತ್ ಗೆದ್ದದ್ದು ಮಾತಿನಿಂದಲ್ಲ. ರೋಗದ ಗಿಡದಿಂದ ಬ್ಯಾಕ್ಟೀರಿಯಾ ಬೇರ್ಪಡಿಸುವುದು, ಅದನ್ನು ಒಂಟಿಯಾಗಿ ಬೆಳೆಸುವುದು, ಒಳ್ಳೆ ಗಿಡಕ್ಕೆ ಚುಚ್ಚುವುದು, ಅದೂ ಬಾಡಿದರೆ ಅದರೊಳಗಿಂದ ಮತ್ತೆ ಅದೇ ಬ್ಯಾಕ್ಟೀರಿಯಾವನ್ನು ತೆಗೆದು ತೋರಿಸುವುದು, ಹೀಗೆ ಸಾಕ್ಷಿ ಇಟ್ಟು ಗೆದ್ದರು. ಇವತ್ತಿಗೂ ಪ್ರಯೋಗಾಲಯದಲ್ಲಿ ರೋಗಕ್ಕೆ ಕಾರಣ ಇದೇ ಅಂತ ಹೇಳಬೇಕಾದರೆ ಈ ದಾರಿಯಲ್ಲೇ ಹೋಗಬೇಕು.

ಅವರು ಅಂದು ವಿವರಿಸಿದ ಬ್ಯಾಕ್ಟೀರಿಯಾದ ಬಳಗವೇ ನಮ್ಮ ಶುಂಠಿಗೂ ಬರುವುದು. ಅದರ ಹೆಸರು ಹಲವು ಸಲ ಬದಲಾಗಿದೆ. ಹಳೆ ಪುಸ್ತಕಗಳಲ್ಲಿ ಸ್ಯೂಡೋಮೊನಾಸ್ ಸೊಲನೇಸಿಯಾರಂ ಅಂತ ಇರುತ್ತದೆ, 1995ರಿಂದ ರಾಲ್ಸ್ಟೋನಿಯಾ. 2014ರಲ್ಲಿ ವಿಜ್ಞಾನಿಗಳು ಈ ಬಳಗವನ್ನು ಮೂರು ಪ್ರಭೇದಗಳಾಗಿ ವಿಂಗಡಿಸಿದರು. ಶುಂಠಿಗೆ ಬರುವುದು ರಾಲ್ಸ್ಟೋನಿಯಾ ಸ್ಯೂಡೋಸೊಲನೇಸಿಯಾರಂ. ಅಂಗಡಿಯಲ್ಲಿ ಸಿಗುವ ಸ್ಯೂಡೋಮೊನಾಸ್ ಪುಡಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಗಿಡಕ್ಕೆ ಒಳ್ಳೆಯದು ಮಾಡುವ ಬೇರೆ ಬ್ಯಾಕ್ಟೀರಿಯಾ, ಹೆದರಬೇಡಿ.

ಈಗ ಮುಖ್ಯ ವಿಷಯ. ರಾಲ್ಸ್ಟೋನಿಯಾ ಮಣ್ಣಿನಿಂದ ಬೇರಿನ ಗಾಯದ ಮೂಲಕ ಒಳಗೆ ಹೋಗುತ್ತದೆ. ಕಳೆ ಕೀಳುವಾಗ, ಮಣ್ಣು ಏರಿಸುವಾಗ ಬೇರಿಗೆ ಗಾಯ ಆಗುತ್ತದಲ್ಲ, ಅಲ್ಲಿಂದ. ಜಂತುಹುಳು ಕೊರೆದ ಜಾಗದಿಂದಲೂ ಹೋಗುತ್ತದೆ. ಒಳಗೆ ಹೋಗಿ ನೀರು ಮೇಲಕ್ಕೆ ಏರುವ ನಾಳಗಳಲ್ಲಿ ಮನೆ ಮಾಡುತ್ತದೆ. ಸಂಖ್ಯೆ ಕಮ್ಮಿ ಇರುವಾಗ ಸುಮ್ನೆ ಇರುತ್ತದೆ. ಬ್ಯಾಕ್ಟೀರಿಯಾಗಳು ಒಂದು ರಾಸಾಯನಿಕ ಬಿಟ್ಟು ಪರಸ್ಪರ ಸುಳಿವು ಕೊಟ್ಟುಕೊಳ್ಳುತ್ತವೆ. ಸಾಕಷ್ಟು ಜನ ಸೇರಿದೆವು ಅಂತ ಆ ಸುಳಿವಿನಿಂದ ಗೊತ್ತಾದ ಮೇಲೆ ಒಟ್ಟಿಗೆ ಲೋಳೆ ಬಿಡಲು ಶುರು ಮಾಡುತ್ತವೆ. ಕಾಫಿ ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಪಾಚಿ ಕಟ್ಟಿದರೆ ಜೆಟ್ ತಿರುಗುವುದು ನಿಲ್ಲುತ್ತದೆ ಅಲ್ವಾ, ಹಾಗೆ ಲೋಳೆ ಕಟ್ಟಿದ ನಾಳದಲ್ಲಿ ನೀರು ಏರುವುದು ನಿಲ್ಲುತ್ತದೆ. ಗದ್ದೆ ತುಂಬ ನೀರಿದ್ದರೂ ಗಿಡ ನೀರಿಲ್ಲದೆ ಬಾಡುವುದು ಇದಕ್ಕೇ. ಎಲೆಗೆ ಹೊಡೆದ ಔಷಧಿ ಮುಟ್ಟದಿರುವುದೂ ಇದಕ್ಕೇ, ಶತ್ರು ಇರುವುದು ನಾಳದ ಒಳಗೆ, ಲೋಳೆಯ ಮರೆಯಲ್ಲಿ.

ಈ ಲೋಳೆಯನ್ನು ನೆನಪಿಟ್ಟುಕೊಳ್ಳಿ. ನಮಗೆ ಕಣ್ಣಿಗೆ ಕಾಣುವ ಸಾಕ್ಷಿ ಅದೊಂದೇ.

ಹೆಜ್ಜೆ 2: ಗಿಡವನ್ನು ನಿಂತು ನೋಡಿ

ಬೆಳಗ್ಗೆ ಹೋಗಿ, ಬಿಸಿಲೇರಿದ ಮೇಲೆ ಒಳ್ಳೆ ಗಿಡವೂ ಸ್ವಲ್ಪ ಸೋತಿರುತ್ತದೆ. ದುಂಡಾಣು ಸೊರಗಿನಲ್ಲಿ ಕೆಳಗಿನ ಎಲೆಗಳ ಅಂಚು ಮೊದಲು ಸುರುಳಿಯಾಗಿ ಜೋಲುತ್ತವೆ, ಅದು ಬೇಗ ಮೇಲಕ್ಕೆ ಏರುತ್ತದೆ, ಎಷ್ಟೋ ಸಲ ಎಲೆ ಇನ್ನೂ ಹಸಿರಾಗಿರುವಾಗಲೇ ಗಿಡ ಜೋತುಬೀಳುತ್ತದೆ. ಆಮೇಲೆ ಹಳದಿ. ದಂಟನ್ನು ಉದ್ದಕ್ಕೆ ಸೀಳಿದರೆ ಕಪ್ಪು ಗೆರೆಗಳು ಕಾಣುತ್ತವೆ. ಪಿಥಿಯಂ ಕೊಳೆಯಲ್ಲಿ ಕೆಳಗಿನ ಎಲೆಗಳ ತುದಿ ಮೊದಲು ಹಳದಿಯಾಗಿ ಅಂಚಿನಗುಂಟ ಇಳಿಯುತ್ತದೆ, ದಂಟು ಮಣ್ಣಿಗೆ ಸೇರುವ ಜಾಗ ನೀರು ನೀರಾಗಿ ಮೆತ್ತಗಾಗುತ್ತದೆ, ಎಳೆದರೆ ದಂಟು ಸುಲಭವಾಗಿ ಕಿತ್ತು ಬರುತ್ತದೆ.

ಓದಲು ಇದು ಸುಲಭ. ಗದ್ದೆಯಲ್ಲಿ ಎರಡೂ ಮುಂದುವರಿದ ಮೇಲೆ ಒಂದೇ ಥರ ಕಾಣುತ್ತವೆ, ಎರಡೂ ಒಂದೇ ಮಡಿಯಲ್ಲಿ ಇರಲೂಬಹುದು. ಇದರ ಮೇಲೆ ಇತ್ತೀಚೆಗೆ ಕೊಡಗಿನ ಶುಂಠಿಯಲ್ಲಿ ಪೈರಿಕ್ಯುಲೇರಿಯಾ ಅನ್ನುವ ಶಿಲೀಂಧ್ರದ ಎಲೆ ರೋಗವನ್ನೂ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದಾರೆ. ಅದರಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂದು ಮಡಿ ಹಳದಿಯಾಗುತ್ತದೆ, ಗೆಡ್ಡೆ ಕೊಳೆಯುವುದಿಲ್ಲ. ಹಳದಿ ಕಂಡ ಕೂಡಲೇ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ 'ಇದಕ್ಕೆ ಏನು ಹೊಡೆಯಲಿ' ಅಂತ ಕೇಳುವುದರಿಂದ ಉತ್ತರ ಸಿಗುವುದಿಲ್ಲ ಅಂತ ಹೇಳುವುದು ಇದಕ್ಕೇ. ಬಣ್ಣ ಒಂದರಿಂದ ಯಾರೂ ಹೇಳಲಾರರು.

ಹೆಜ್ಜೆ 3: ಲೋಟದ ಪರೀಕ್ಷೆ

ಇದು ನಾನು ಕಂಡುಹಿಡಿದದ್ದಲ್ಲ, ಸಸ್ಯರೋಗ ವಿಜ್ಞಾನಿಗಳು ಪ್ರಪಂಚದಾದ್ಯಂತ ಗದ್ದೆ ಬದಿಯಲ್ಲಿ ನಿಂತು ಮಾಡುವ ಪರೀಕ್ಷೆ. ಬೇಕಾದ್ದು ಎರಡು ಗಾಜಿನ ಲೋಟ, ಶುದ್ಧ ನೀರು, ಹರಿತವಾದ ಚಾಕು.

ಈಗಷ್ಟೇ ಬಾಡಲು ಶುರುವಾದ ಗಿಡ ಆರಿಸಿ. ಇದು ಬಹಳ ಮುಖ್ಯ. ಪೂರ್ತಿ ಕೊಳೆತು ನಾರುವ ಗಿಡ ತೆಗೆದುಕೊಂಡರೆ ಅದರಲ್ಲಿ ಕೊಳೆತದ್ದನ್ನು ತಿನ್ನಲು ಬಂದ ನೂರೆಂಟು ಬ್ಯಾಕ್ಟೀರಿಯಾ ಇರುತ್ತವೆ, ನೀರು ಕದಡುತ್ತದೆ, ನೀವು ಮೋಸ ಹೋಗುತ್ತೀರಿ. ಫಿಶರ್ ಅವರಿಗಿದ್ದ ಅನುಮಾನವೂ ಅದೇ ಆಗಿತ್ತಲ್ಲ.

ದಂಟಿನ ಬುಡದಿಂದ ಒಂದು ಬೆರಳುದ್ದದ ತುಂಡು ಕತ್ತರಿಸಿ. ಮೇಲಿನ ಮಣ್ಣಾದ ಪದರ ಸುಲಿದು ತೊಳೆಯಿರಿ. ಕೊನೆಗೆ ಒಂದು ತುದಿಯನ್ನು ಹೊಸದಾಗಿ, ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಆ ತುದಿ ನೀರಿಗೆ ಸ್ವಲ್ಪವೇ ತಾಗುವ ಹಾಗೆ ಲೋಟದ ಬಾಯಿಗೆ ದಾರದಿಂದಲೋ ಬಟ್ಟೆ ಕ್ಲಿಪ್ಪಿನಿಂದಲೋ ನಿಲ್ಲಿಸಿ. ಇನ್ನೊಂದು ಲೋಟದಲ್ಲಿ ದೂರದ ಒಳ್ಳೆ ಮಡಿಯ ಆರೋಗ್ಯದ ದಂಟಿನ ತುಂಡನ್ನು ಹಾಗೇ ಇಡಿ. ಆದರೆ ಆರೋಗ್ಯದ ಗಿಡವನ್ನು ಮೊದಲು ಕತ್ತರಿಸಿ, ರೋಗದ ಗಿಡವನ್ನು ಆಮೇಲೆ. ಚಾಕು ಒಂದೇ ಇದ್ದರೆ ಈ ಕ್ರಮ ತಪ್ಪಬಾರದು.

ಲೋಟ ಅಲ್ಲಾಡಿಸಬೇಡಿ. ಹಿಂದೆ ಕಪ್ಪು ಬಟ್ಟೆ ಹಿಡಿದು, ಬೆಳಕು ಪಕ್ಕದಿಂದ ಬರುವ ಹಾಗೆ ನೋಡಿ. ರಾಲ್ಸ್ಟೋನಿಯಾ ಆಗಿದ್ದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ನೇರವಾಗಿ ಕೆಳಗಿಳಿಯುತ್ತದೆ. ಅದು ಲೋಳೆ, ಲೋಳೆಯ ಒಳಗೆ ಲೆಕ್ಕ ಇಲ್ಲದಷ್ಟು ಬ್ಯಾಕ್ಟೀರಿಯಾ. ಪಿಥಿಯಂ ಆಗಿದ್ದರೆ ಈ ಎಳೆ ಬರುವುದಿಲ್ಲ. ಸುಮ್ನೆ ನೀರು ಮಬ್ಬಾದರೆ ಅದು ಎಳೆ ಅಲ್ಲ, ಒಳ್ಳೆ ಗಿಡದ ಲೋಟದ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಒಂದು ಗಿಡದಲ್ಲಿ ಬರಲಿಲ್ಲ ಅಂತ ಬಿಡಬೇಡಿ, ಬೇರೆ ಬೇರೆ ಮಡಿಯಿಂದ ಮೂರು ನಾಲ್ಕು ಗಿಡ ನೋಡಿ. ರೋಗ ತೀರಾ ಆರಂಭದಲ್ಲಿದ್ದಾಗ ಲೋಳೆ ಇನ್ನೂ ತುಂಬಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ! ಕುದಿಸಿ ಚೆಲ್ಲಿ.

ಇದೇ ಪರೀಕ್ಷೆ ಮನೆ ಹಿಂದಿನ ಟೊಮೆಟೊ, ಬದನೆ ಬಾಡಿದಾಗಲೂ ನಡೆಯುತ್ತದೆ. ಭತ್ತದ ದುಂಡಾಣು ಅಂಗಮಾರಿ ರೋಗಕ್ಕೂ ರೋಗದ ಎಲೆ ತುಂಡು ಕತ್ತರಿಸಿ ನೀರಿನಲ್ಲಿಟ್ಟು ಹೀಗೇ ನೋಡುತ್ತಾರೆ, ಅಲ್ಲಿರುವುದು ಜಾಂಥೋಮೊನಾಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ.

ಹೆಜ್ಜೆ 4: ಖಚಿತ ಮಾಡಿಕೊಳ್ಳಲು ಮಾದರಿ ಕಳಿಸಿ

ಎಳೆ ಕಂಡರೆ ನಾಲ್ಕು ಮತ್ತು ಐದನೇ ಹೆಜ್ಜೆ ಒಟ್ಟಿಗೆ ಶುರುವಾಗಬೇಕು, ವರದಿಗೆ ಕಾಯುತ್ತಾ ಕೂರಬಾರದು. ನಮ್ಮಲ್ಲಿ ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಡಿಕೇರಿ ಹತ್ತಿರ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಮೊದಲೇ ಫೋನ್ ಮಾಡಿ, ಯಾವ ಪರೀಕ್ಷೆ ಎಲ್ಲಿ ಆಗುತ್ತದೆ ಅಂತ ಕೇಳಿಕೊಂಡು ಹೋಗಿ.

ಅರ್ಧ ಬಾಡಿದ ಗಿಡವನ್ನು ಗೆಡ್ಡೆ, ಬೇರು ಸಮೇತ ಅಗೆದು ತೆಗೆಯಿರಿ. ಹೆಚ್ಚಿನ ಮಣ್ಣು ಉದುರಿಸಿ, ಪೇಪರಿನಲ್ಲಿ ಸುತ್ತಿ, ಆಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಒದ್ದೆ ಗಿಡವನ್ನು ನೇರ ಪ್ಲಾಸ್ಟಿಕ್ಕಿಗೆ ಹಾಕಿ ಜೀಪಿನ ಬಿಸಿಲಲ್ಲಿ ಬಿಟ್ಟರೆ ತಲುಪುವ ಹೊತ್ತಿಗೆ ಬರೀ ಕೊಳಕು ಉಳಿಯುತ್ತದೆ. ತಳಿ ಯಾವುದು, ಬೀಜ (ಅಂದರೆ ಬಿತ್ತನೆಯ ಗೆಡ್ಡೆ) ಎಲ್ಲಿಂದ ಬಂತು, ಹಿಂದಿನ ವರ್ಷ ಆ ಜಾಗದಲ್ಲಿ ಏನಿತ್ತು, ಏನೇನು ಔಷಧಿ ಹಾಕಿದ್ದೀರಿ, ಎಲ್ಲ ಒಂದು ಚೀಟಿಯಲ್ಲಿ ಬರೆದಿಡಿ.

ಅಲ್ಲಿ ಏನು ಮಾಡುತ್ತಾರೆ ಗೊತ್ತಾ? ಆರ್ಥರ್ ಕೆಲ್ಮನ್ ಅನ್ನುವ ವಿಜ್ಞಾನಿ 1954ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಟೆಟ್ರಜೋಲಿಯಂ ಅನ್ನುವ ರಾಸಾಯನಿಕ ಸೇರಿಸಿದರೆ, ರೋಗ ತರುವ ರಾಲ್ಸ್ಟೋನಿಯಾ ಬಿಳಿಯಾಗಿ, ನಡುವೆ ತಿಳಿ ಗುಲಾಬಿಯಾಗಿ, ಲೋಳೆಯಾಗಿ ಹರಡಿ ಬೆಳೆಯುತ್ತದೆ. ರೋಗ ತರುವ ಶಕ್ತಿ ಕಳೆದುಕೊಂಡದ್ದು ಗಟ್ಟಿಯಾಗಿ, ಗಾಢ ಕೆಂಪಾಗಿ, ಚಿಕ್ಕದಾಗಿ ಕಾಣುತ್ತದೆ. ಅಂದರೆ ಲೋಳೆ ಹೋದರೆ ಹಲ್ಲೂ ಹೋದ ಹಾಗೆ. ಎಪ್ಪತ್ತು ವರ್ಷ ದಾಟಿದರೂ ಈ ತಟ್ಟೆಯನ್ನು ಇನ್ನೂ ಬಳಸುತ್ತಾರೆ. ಈಗ ಅದರ ಜೊತೆ ಬ್ಯಾಕ್ಟೀರಿಯಾದ ಡಿಎನ್ಎಯನ್ನೇ ಗುರುತಿಸುವ ಪಿಸಿಆರ್ ಪರೀಕ್ಷೆ ಇದೆ. 2002ರಲ್ಲಿ ಟೊಮೆಟೊದಿಂದ ತೆಗೆದ ಒಂದು ರಾಲ್ಸ್ಟೋನಿಯಾದ ಇಡೀ ಜೀನೋಮನ್ನು, ಅಂದರೆ ಅದರ ಪೂರ್ತಿ ಡಿಎನ್ಎಯನ್ನು, ವಿಜ್ಞಾನಿಗಳು ಓದಿ ಮುಗಿಸಿದ್ದಾರೆ.

ಹೆಜ್ಜೆ 5: ಅದೇ ದಿನ ತಡೆ ಹಾಕಿ

ಬಾಡಿದ ಗಿಡವನ್ನು ಯಾವ ಔಷಧಿಯೂ ಎಬ್ಬಿಸುವುದಿಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ, ಬಿತ್ತನೆಗೆ ಹಾಕಿದ ದುಡ್ಡು ಕಣ್ಣ ಮುಂದೆ ಬರುತ್ತದೆ. ಆದರೆ ಉಳಿದ ಮಡಿಗಳನ್ನು ಉಳಿಸಿಕೊಳ್ಳಬಹುದು.

ಮೊದಲು ನೀರು. ರೋಗದ ಮಡಿಯಿಂದ ಹರಿಯುವ ಚರಂಡಿ ಎಲ್ಲಿಗೆ ಹೋಗುತ್ತದೆ ನೋಡಿ, ಒಳ್ಳೆ ಮಡಿಗಳ ನಡುವೆ ಹೋಗುತ್ತಿದ್ದರೆ ಅಲ್ಲೇ ಮಣ್ಣು ಹಾಕಿ ತಡೆದು ಬೇರೆ ಕಡೆ ತಿರುಗಿಸಿ. ಪ್ರಯೋಗಾಲಯದಲ್ಲಿ ರಾಲ್ಸ್ಟೋನಿಯಾವನ್ನು ಬರೀ ಶುದ್ಧ ನೀರಿನಲ್ಲಿ ಹಾಕಿ ವರ್ಷಗಟ್ಟಲೆ ಇಟ್ಟರೂ ಬದುಕಿರುತ್ತದೆ, ವಿಜ್ಞಾನಿಗಳು ಅದನ್ನು ಕಾಪಿಡುವ ಒಂದು ವಿಧಾನವೇ ಅದು. ಹಾಗಿರುವಾಗ ಗದ್ದೆಯ ತೋಡಿನಲ್ಲಿ ಅದು ಎಷ್ಟು ದೂರ ಹೋಗಬಹುದು ಯೋಚಿಸಿ. ಕೆಳಗಿನ ಗದ್ದೆಯವರಿಗೆ ದಯವಿಟ್ಟು ಹೇಳಿ. ಮುಚ್ಚಿಟ್ಟರೆ ಈ ವರ್ಷ ಅವರಿಗೆ, ಬರುವ ವರ್ಷ ಅವರ ಬೀಜದಿಂದ ಇನ್ನೊಬ್ಬರಿಗೆ ಹೋಗುತ್ತದೆ.

ಆಮೇಲೆ ಗಿಡ. ಬಾಡಿದ ಬುಡವನ್ನು ಗೆಡ್ಡೆ ಮತ್ತು ಸುತ್ತಲಿನ ಮಣ್ಣಿನ ಸಮೇತ ಅಗೆದು, ಅಲ್ಲೇ ಚೀಲಕ್ಕೆ ತುಂಬಿಸಿ. ಮಡಿಗಳ ಮೇಲೆ ಎಳೆದುಕೊಂಡು ಹೋಗಬೇಡಿ, ಚರಂಡಿಗೆ ಬಿಸಾಡಬೇಡಿ, ಗೊಬ್ಬರದ ಗುಂಡಿಗಂತೂ ಹಾಕಲೇಬೇಡಿ. ನೀರು ಹರಿಯದ ಜಾಗದಲ್ಲಿ ಆಳವಾಗಿ ಹೂಳಿ, ಇಲ್ಲವೇ ಒಣಗಿಸಿ ಸುಡಿ. ಕಿತ್ತ ಜಾಗಕ್ಕೂ ಸುತ್ತಲಿನ ಮಡಿಗೂ ಲೀಟರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರನ್ನು ಮಣ್ಣು ನೆನೆಯುವ ಹಾಗೆ ಸುರಿಯುವುದು ಶಿಫಾರಸಿನಲ್ಲಿದೆ. ಅದು ಹರಡುವುದನ್ನು ಸ್ವಲ್ಪ ತಡೆಯುತ್ತದೆ, ವಾಸಿ ಮಾಡುವುದಿಲ್ಲ.

ಸ್ಟ್ರೆಪ್ಟೊಸೈಕ್ಲಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಆಂಟಿಬಯಾಟಿಕ್. ನಾಳದಲ್ಲಿ ಲೋಳೆ ಕಟ್ಟಿ ಬಿದ್ದ ಗಿಡಕ್ಕೆ ಅದನ್ನು ಸುರಿದು ಪ್ರಯೋಜನ ಇಲ್ಲ. ಮಣ್ಣಿಗೆ ಹೀಗೆ ಸುರಿಯುತ್ತಾ ಹೋದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅದು ನಾಳೆ ಮನುಷ್ಯರ ಔಷಧಿಗೂ ತೊಂದರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೈಬಿಡುವುದೇ ಸರಿ.

ಕೊನೆಗೆ ಕಾಲು, ಕತ್ತಿ, ಗುದ್ದಲಿ. ರೋಗದ ಮಡಿಯ ಕೆಲಸ ದಿನದ ಕೊನೆಯಲ್ಲಿ ಮಾಡಿಸಿ. ಬೂಟು, ಹತ್ಯಾರುಗಳ ಮಣ್ಣನ್ನು ಮೊದಲು ಪೂರ್ತಿ ತೊಳೆದು ಆಮೇಲೆ ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಮಣ್ಣು ಮೆತ್ತಿದ್ದರೆ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಕೆಲಸದವರಿಗೆ ಬರೀ 'ಹೀಗೆ ಮಾಡಿ' ಅನ್ನಬೇಡಿ, ಲೋಟದ ಎಳೆಯನ್ನು ಅವರಿಗೂ ತೋರಿಸಿ. ಕಣ್ಣಾರೆ ಕಂಡವರು ಯಾರೂ ಮತ್ತೆ ಹೇಳಿಸಿಕೊಳ್ಳುವುದಿಲ್ಲ. ಟಿಲ್ಲರ್ ಬಾಡಿಗೆಗೆ ಬಂದರೆ ಗದ್ದೆಗೆ ಇಳಿಯುವ ಮೊದಲು ತೊಳೆಸಿ.

ಹೆಜ್ಜೆ 6: ಆ ಜಾಗದಲ್ಲಿ ಮುಂದೇನು

ಗಿಡ ಆರು ತಿಂಗಳು ದಾಟಿದ್ದು, ಒಳ್ಳೆ ಮಡಿಗಳು ಉಳಿದಿದ್ದರೆ ಹಸಿ ಶುಂಠಿಯಾಗಿ ಕಿತ್ತು ಮಾರುವುದನ್ನು ಯೋಚಿಸಿ. ಆ ಗದ್ದೆಯ ಒಂದು ಗೆಡ್ಡೆಯನ್ನೂ ಬೀಜಕ್ಕೆ ಇಡಬಾರದು, ನೋಡಲು ಎಷ್ಟೇ ಚೆನ್ನಾಗಿರಲಿ. ರೋಗದ ಗುರುತೇ ಕಾಣದ ಗೆಡ್ಡೆಯ ಒಳಗೂ ಈ ಬ್ಯಾಕ್ಟೀರಿಯಾ ಕೂತಿರಬಹುದು.

ಅಲ್ಲಿ ಕೆಲವು ವರ್ಷ ಶುಂಠಿ ಬೇಡ. ಟೊಮೆಟೊ, ಮೆಣಸಿನಕಾಯಿ, ಬದನೆ, ಆಲೂಗಡ್ಡೆಯೂ ಬೇಡ, ಈ ಬಳಗದ ಬ್ಯಾಕ್ಟೀರಿಯಾಗಳಿಗೆ 200ಕ್ಕೂ ಜಾಸ್ತಿ ಜಾತಿಯ ಗಿಡಗಳು ಆಗುತ್ತವೆ, ಬದುವಿನ ಮೇಲಿನ ಗಣಿಕೆ ಸೊಪ್ಪಿನ ಗಿಡವೂ ಅದರಲ್ಲಿ ಸೇರಿದೆ. ಭತ್ತ ಅಥವಾ ಮುಸುಕಿನ ಜೋಳ ಹಾಕಿ. ಶುಂಠಿಯ ದುಡ್ಡಿನ ಆಸೆಗೆ ಭತ್ತ ಬಿಟ್ಟ ಗದ್ದೆಗಳು ನಮ್ಮಲ್ಲಿ ಬಹಳ ಇವೆ, ಅದರಲ್ಲಿ ಒಂದೆರಡು ವರ್ಷವಾದರೂ ಭತ್ತ ವಾಪಸ್ ಬಂದರೆ ನನಗಂತೂ ಸಂತೋಷ.

ಹೊಸ ಜಾಗದಲ್ಲಿ ಶುಂಠಿ ಹಾಕುವ ಮೊದಲು ಬೇಸಿಗೆಯಲ್ಲಿ ಮಡಿ ಮಾಡಿ, ನೀರು ಹಾಯಿಸಿ, ಪಾರದರ್ಶಕ ಪಾಲಿಥಿನ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ 40ರಿಂದ 50 ದಿನ ಬಿಟ್ಟು ಬಿಸಿಲಿನ ಕಾವಿನಿಂದ ಮಣ್ಣನ್ನು ಶುದ್ಧ ಮಾಡುವ ಪದ್ಧತಿ ಇದೆ. ಕಪ್ಪು ಹಾಳೆ ಅಲ್ಲ, ಪಾರದರ್ಶಕವೇ ಬೇಕು. ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದು ಮೋಡ ಕಟ್ಟಿದರೆ ಬಿಸಿ ಸಾಲುವುದಿಲ್ಲ, ಹಾಗಾಗಿ ಫೆಬ್ರವರಿಯಲ್ಲೇ ಶುರು ಮಾಡಿ. ಮಡಿ 15 ಸೆಂಟಿಮೀಟರಿಗಿಂತ ಕಡಿಮೆ ಎತ್ತರ ಇರಬಾರದು, ಕೊಡಗಿನ ಮಳೆಗೆ ಇನ್ನೂ ಎತ್ತರ ಇದ್ದರೆ ಒಳ್ಳೆಯದು, ನಡುವೆ ಚರಂಡಿ ಆಳವಾಗಿರಲಿ.

ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಶುಂಠಿ ಗಿಡದ ಒಳಗೇ ಬದುಕುವ ಒಂದು ಒಳ್ಳೆ ಬ್ಯಾಕ್ಟೀರಿಯಾವನ್ನು, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಜಿಎಪಿ 107 ಅನ್ನುವುದನ್ನು, ಬೇರ್ಪಡಿಸಿ ಈ ರೋಗದ ವಿರುದ್ಧ ಬಳಸುವ ಜೈವಿಕ ಗೊಬ್ಬರದ ಥರ ತಯಾರಿಸಿದ್ದಾರೆ. ರೋಗ ಬರುವ ಮುಂಚೆ, ಬೀಜಕ್ಕೂ ಮಣ್ಣಿಗೂ ಸೇರಿಸಬೇಕಾದ್ದು ಅದು. ಎಲ್ಲಿ ಸಿಗುತ್ತದೆ, ಎಷ್ಟು ಹಾಕಬೇಕು ಅಂತ ಅಪ್ಪಂಗಳದಲ್ಲಿ ಕೇಳಿ. ರೋಗ ತಡೆಯುವ ಶುಂಠಿ ತಳಿ ಯಾಕಿಲ್ಲ ಅಂತ ನೀವು ಕೇಳಬಹುದು. ಶುಂಠಿ ಕಾಳು ಕಟ್ಟುವುದಿಲ್ಲ, ಹಾಗಾಗಿ ಎರಡು ತಳಿ ಸೇರಿಸಿ ಹೊಸದು ಮಾಡುವ ದಾರಿಯೇ ಮುಚ್ಚಿದೆ. ಮಾವಿನಕಾಯಿ ಶುಂಠಿ ಈ ಬ್ಯಾಕ್ಟೀರಿಯಾವನ್ನು ತಡೆದುಕೊಳ್ಳುತ್ತದೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ, ಅದು ಹೇಗೆ ಅನ್ನುವ ಸಂಶೋಧನೆ ನಡೆಯುತ್ತಿದೆ.

ಹೆಜ್ಜೆ 7: ಬೀಜ

ರೋಗ ದೂರದ ಊರಿಗೆ ಹೋಗುವುದು ಬೀಜದ ಚೀಲದಲ್ಲಿ. ಬಿತ್ತನೆ ಶುಂಠಿಯನ್ನು ಕಿತ್ತ ಮೇಲೆ ಆರಿಸಿ ಪ್ರಯೋಜನ ಇಲ್ಲ, ಗಿಡ ಹಸಿರಾಗಿರುವಾಗಲೇ ಆರಿಸಬೇಕು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆಯುವ ಹೊತ್ತಿಗೆ ಎಲೆ ಒಣಗಲು ಶುರುವಾಗಿರುತ್ತದೆ, ರೋಗದಿಂದ ಒಣಗಿದ್ದೋ ಬಲಿತು ಒಣಗಿದ್ದೋ ಗೊತ್ತಾಗುವುದಿಲ್ಲ. ಆದ್ದರಿಂದ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ ಗದ್ದೆಗೆ ಹೋಗಿ, ಒಂದೂ ಗಿಡ ಬಾಡದ ಮಡಿಗಳಿಗೆ ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿ. ಬೀಜಕ್ಕೆ ಅವು ಮಾತ್ರ.

ಮ್ಯಾಂಕೋಜೆಬ್ ನೀರಿನಲ್ಲಿ ಅರ್ಧ ಗಂಟೆ ಅದ್ದುವುದು ಶಿಲೀಂಧ್ರಕ್ಕೆ ಒಳ್ಳೆಯದು, ಮಾಡಿ, ಆದರೆ ಗೆಡ್ಡೆಯ ಒಳಗಿರುವ ರಾಲ್ಸ್ಟೋನಿಯಾಗೆ ಅದು ತಾಗುವುದಿಲ್ಲ. ಪಾಲಿಥಿನ್ ಹೊದಿಸಿ ಬಿಸಿಲಿನ ಕಾವಿನಲ್ಲಿ ಬೀಜದ ಗೆಡ್ಡೆಯನ್ನು ಶುದ್ಧ ಮಾಡುವ ವಿಧಾನವನ್ನು ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಪ್ರಯೋಗಿಸಿದ್ದಾರೆ. ಥರ್ಮಾಮೀಟರ್ ಇಲ್ಲದೆ, ಹೇಳಿಸಿಕೊಳ್ಳದೆ ಅದಕ್ಕೆ ಕೈ ಹಾಕಬೇಡಿ, ಕಾವು ಸ್ವಲ್ಪ ಜಾಸ್ತಿಯಾದರೂ ಮೊಳಕೆ ಸಾಯುತ್ತದೆ.

ಹೊರಗಿನಿಂದ ಬೀಜ ತರುವುದಾದರೆ ಚೀಲ ನೋಡಿ ರೇಟು ಮಾತಾಡಬೇಡಿ. ಅಕ್ಟೋಬರಿನಲ್ಲೇ ಅವರ ಗದ್ದೆ ನೋಡಲು ಹೋಗಿ. ಮೇಲಿನ ಗದ್ದೆಯಲ್ಲಿ ಏನಿದೆ, ನೀರು ಎಲ್ಲಿಂದ ಬರುತ್ತದೆ, ಹಿಂದಿನ ವರ್ಷ ಅಲ್ಲಿ ಏನಿತ್ತು, ಮೂರೂ ಕೇಳಿ. ಅನುಮಾನ ಬಂದ ಬುಡ ಕಂಡರೆ ಅವರ ಒಪ್ಪಿಗೆ ತೆಗೆದುಕೊಂಡು ಅಲ್ಲೇ ಲೋಟದ ಪರೀಕ್ಷೆ ಮಾಡಿ. ಒಳ್ಳೆ ಬೆಳೆಗಾರರು ಬೇಡ ಅನ್ನುವುದಿಲ್ಲ. ಬೇಡ ಅಂದರೆ ಬೇರೆ ಕಡೆ ನೋಡಿ, ಬಿತ್ತನೆಗೆ ಇನ್ನೂ ಐದಾರು ತಿಂಗಳು ಇರುತ್ತದೆ.